ರೇಷ್ಮೆಗಿಲ್ಲದ ಮೈಲಿಗೆ

ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ಬಿಚ್ಚುವ ಯಾವುದಾದರೂ ಫಿಲೇಚರಿನಲ್ಲಿ ಅರ್ಧ ಗಂಟೆ ನಿಂತು ಬನ್ನಿ, ಆಮೇಲೆ ನನ್ನ ಹತ್ತಿರ ಮಡಿಯ ಮಾತಾಡಿ. ಹಬೆಯಾಡುವ ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ, ಒಳಗೆ ಹುಳ ಬೆಂದು ಹೋಗಿರುತ್ತದೆ. ಆ ವಾಸನೆ ಬೀದಿಯ ತುದಿಯಲ್ಲೇ ಮೂಗಿಗೆ ಬಡಿಯುತ್ತದೆ. ಬಿಸಿನೀರಿಗೆ ಅದ್ದಿ ಅದ್ದಿ ಬೆರಳ ಚರ್ಮ ಬಿಳಿಚಿ ಸುಲಿದ ಹೆಂಗಸರು ಎಳೆಯ ತುದಿ ಹುಡುಕುತ್ತಿರುತ್ತಾರೆ. ಅವರಲ್ಲಿ ಮುಸ್ಲಿಮರಿದ್ದಾರೆ, ದಲಿತರಿದ್ದಾರೆ. ಸತ್ತ ಹುಳದ ಮೈಮೇಲಿಂದ ಬಿಚ್ಚಿದ ಆ ನೂಲು ಪೀತಾಂಬರವಾಗಿ ದೇವರ ಕೋಣೆ ಸೇರಿದ ಕೂಡಲೇ ಪರಮ ಪವಿತ್ರ! ಹತ್ತಿಬಟ್ಟೆಯಾದರೆ ಒಗೆದು, ಯಾರೂ ಮುಟ್ಟದಂತೆ ಒಣಗಿಸಿ ಮಡಿ ಮಾಡಬೇಕು. ರೇಷ್ಮೆಗೆ ಆ ತಾಪತ್ರಯವೂ ಇಲ್ಲ. ನೂಲು ಬಿಚ್ಚಿದ ಕೈ ಮಾತ್ರ ಆ ಕೋಣೆಯ ಹೊಸ್ತಿಲು ದಾಟುವಂತಿಲ್ಲ.

ಹುಳು ಸಾಕುವ ಕಡೆ ನೋಡಿ. ಎಷ್ಟೋ ಮನೆಗಳಲ್ಲಿ ಇವತ್ತಿಗೂ ಮುಟ್ಟಾದ ಹೆಣ್ಣು ಹುಳುಮನೆಯೊಳಗೆ ಕಾಲಿಡಬಾರದು. ಸೊಪ್ಪು ಕೊಯ್ಯಬಹುದು, ಹೊರೆ ಹೊತ್ತು ಬಾಗಿಲವರೆಗೆ ತಂದು ಹಾಕಬಹುದು, ಅದಕ್ಕೇನೂ ಮೈಲಿಗೆಯಿಲ್ಲ. ಸುಣ್ಣಕಟ್ಟು ಬಿದ್ದು ಬೆಳೆ ಹೋಯಿತೋ, ಮನೆಯಲ್ಲಿ ತೇವ ಹೆಚ್ಚಿತ್ತೇ, ಔಷಧಿ ಸರಿಯಾಗಿ ಹೊಡೆದಿದ್ದೆವೇ ಎಂದು ವಿಚಾರಿಸುವ ಮೊದಲು ಸೊಸೆಯ ತಿಂಗಳ ಲೆಕ್ಕ ವಿಚಾರಿಸುತ್ತಾರೆ. ಬೂಷ್ಟಿನಿಂದ ಬರುವ ರೋಗಕ್ಕೆ ಹೆಣ್ಣಿನ ಮೈ ಹೊಣೆ.

ಪೇಟೆಗೆ ಬಂದರೆ ಇದೇ ಕಾಯಿಲೆ ನಯವಾಗಿ ಮಾತಾಡಲು ಕಲಿತಿದೆ. ಚಿಕ್ಕಬಳ್ಳಾಪುರದಲ್ಲಾಗಲಿ ಚಿಂತಾಮಣಿಯಲ್ಲಾಗಲಿ ಬಾಡಿಗೆ ಮನೆ ಕೇಳಿಕೊಂಡು ಹೋಗಿ. ಊರು ಕೇಳುತ್ತಾರೆ, ಕೆಲಸ ಕೇಳುತ್ತಾರೆ, ಆಮೇಲೆ ದನಿ ತಗ್ಗಿಸಿ, "ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?" ಹೇಳಿದರೆ, "ನಮಗೇನೂ ಇಲ್ಲ ಸಾರ್, ನಮ್ಮಮ್ಮ ಹಳೇಕಾಲದೋರು, ಒಪ್ಪಲ್ಲ." ಅಮ್ಮ ತೀರಿಹೋಗಿ ಗೋಡೆಯ ಮೇಲೆ ಫೋಟೋ ಆಗಿದ್ದರೂ ಅಮ್ಮನೇ ಒಪ್ಪುವುದಿಲ್ಲ.

ನದಿನಾಲೆಯಿಲ್ಲದ ಈ ಬರದ ಸೀಮೆಯಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿ ಇಳಿದವು. ಸಿಕ್ಕಿದ ನೀರಿನಲ್ಲೂ ಫ್ಲೋರೈಡ್. ಸರ್ಕಾರ ಕೊನೆಗೆ ಕೊಟ್ಟದ್ದು ಬೆಂಗಳೂರಿನ ಕೊಳಚೆ. ಹೆಬ್ಬಾಳ–ನಾಗವಾರ ಕಣಿವೆಯಿಂದ ಎರಡೇ ಹಂತ ಶುದ್ಧೀಕರಿಸಿದ ನೀರನ್ನು ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಎಂದು ಹೋರಾಟಗಾರರು ಗಂಟಲು ಹರಿದುಕೊಂಡರೂ ಕೇಳುವವರಿಲ್ಲ. ರಾಜಧಾನಿ ಕುಡಿದು, ಮಿಂದು, ತೊಳೆದು ಬಿಟ್ಟದ್ದು ನಮ್ಮ ಪಾಲಿಗೆ ಯೋಜನೆ. ಆ ಸಿಟ್ಟು ಬೇರೆಯೇ ಇದೆ. ನನಗೆ ನಗು ಬರುವುದು ಇನ್ನೊಂದಕ್ಕೆ. ಅದು ಸಕಲ ಜಾತಿಯವರ ಕಕ್ಕಸಿನಿಂದ ಹೊರಟ ನೀರು. ಕೆರೆಯಲ್ಲಿ ಇಂಗಿ, ಬೋರಿನಲ್ಲಿ ಮೇಲೆದ್ದು, ಅಭಿಷೇಕದ ತಂಬಿಗೆಗೂ ಬಂದೀತು. ಅದರ ಪೈಕಿ ಯಾವುದೆಂದು ಯಾವ ಭಟ್ಟರೂ ಕೇಳಿಲ್ಲ, ಯಾವ ಗೌಡರೂ ಕೇಳಿಲ್ಲ. ಕೆರೆಗೆ ಬಂದ ನೀರಿಗೆ ಮಾಫಿ, ಬಾಡಿಗೆಗೆ ಬಂದ ಮನುಷ್ಯನಿಗಿಲ್ಲ.

ಇದೇ ಸೀಮೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿ ಬಾಬಾಗಳ ನಿದ್ದೆ ಕೆಡಿಸಿದವರು. ಅವರ ಫೋಟೋಗೆ ಹಾರ ಹಾಕಿ ಭಾಷಣ ಬಿಗಿಯುವ ನಮ್ಮ ಮುಖಂಡರು ನಾಮಪತ್ರ ಸಲ್ಲಿಸುವುದು ರಾಹುಕಾಲ ಕಳೆದ ಮೇಲೆ.

ಇವೆಲ್ಲ ಸಣ್ಣಪುಟ್ಟ ಆಚಾರ, ಯಾರಿಗೇನು ನಷ್ಟ ಎನ್ನುವವರಿದ್ದಾರೆ. ನಷ್ಟ ಯಾರಿಗೆಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ಹೇಳುತ್ತದೆ. 2000ದ ಮಾರ್ಚ್ 11ರ ರಾತ್ರಿ ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಬೆಂಕಿ ಹಚ್ಚಿದ ಕೈಗಳು ಆಕಾಶದಿಂದ ಇಳಿದು ಬಂದವಲ್ಲ. ಹೊಸ್ತಿಲಲ್ಲಿ ತಡೆಯುವುದನ್ನು, ಲೋಟ ಬೇರೆ ಇಡುವುದನ್ನು, "ಯಾವ ಪೈಕಿ" ಎಂದು ಕೇಳುವುದನ್ನು ಮನೆಯಲ್ಲೇ ಕಲಿಸಿದ ಸಮಾಜದ ಕೈಗಳೇ ಅವು. ಸಾಕ್ಷಿಗಳು ತಿರುಗಿಬಿದ್ದರು. ಹೆದರಿದವರು ಇನ್ನೇನು ಮಾಡಿಯಾರು? 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದದ್ದು ನಿಜ, ಎರಡೂ ನ್ಯಾಯಾಲಯಗಳಲ್ಲಿ ಕೊಂದವನು ಒಬ್ಬನೂ ಇರಲಿಲ್ಲ.