ಅಗಲಿಕೆಯ ಅನಂತರದ ಮೊದಲ ಸಾಲು

ಮನೆಯಲ್ಲೊಬ್ಬರು ಲಿಂಗೈಕ್ಯರಾದಾಗ ಮನೆಯವರು ಮೊದಲು ಬರೆಯಬೇಕಾಗುವುದು ಶಿವಗಣಾರಾಧನೆಯ ಆಮಂತ್ರಣ ಪತ್ರಿಕೆಯನ್ನು. ಹೆಸರು, ವಯಸ್ಸು, ದಿನಾಂಕ, ಸ್ಥಳ, ಕೆಳಗೆ ‘ದುಃಖತಪ್ತ ಕುಟುಂಬದವರು’. ಮುದ್ರಣಾಲಯದಲ್ಲಿ ಅದರ ನಮೂನೆ ಸಿದ್ಧವಾಗಿಯೇ ಇರುತ್ತದೆ, ಹೆಸರು ಬದಲಿಸಿದರಾಯಿತು. ಅನಂತರ ಮರಣ ಪ್ರಮಾಣಪತ್ರ, ಬ್ಯಾಂಕಿನ ಅರ್ಜಿ, ಹೊಲದ ಪೌತಿ ಖಾತೆಯ ಕಾಗದಗಳು. ಒಂದೆರಡು ತಿಂಗಳಲ್ಲಿ ಅಗಲಿದವರ ಹೆಸರನ್ನು ಹತ್ತಾರು ಕಡೆ ಬರೆದ ಆ ಕೈ, ಅವರ ಕುರಿತು ತನಗೆ ಅನಿಸಿದ್ದನ್ನು ಒಂದು ಸಾಲಾದರೂ ಬರೆಯೆಂದರೆ ಮೇಲೇಳುವುದಿಲ್ಲ. ಈ ಅಳುಕನ್ನು ಆರೋಗ್ಯ ವಿಭಾಗದಲ್ಲಿ ಚರ್ಚಿಸುವುದು ಅಪ್ರಸ್ತುತವೆಂದು ನನಗೆ ತೋರುವುದಿಲ್ಲ.

ಶೋಕ ಕೇವಲ ಮನಸ್ಸಿನ ವ್ಯವಹಾರವಲ್ಲ. ನಿದ್ರೆ ಕೆಡುತ್ತದೆ, ಊಟ ರುಚಿಸುವುದಿಲ್ಲ, ರಕ್ತದೊತ್ತಡ ಏರುತ್ತದೆ, ಮಧುಮೇಹದ ಮಾತ್ರೆ ಮರೆತುಹೋಗುತ್ತದೆ. ಜಪಾನಿನ ವೈದ್ಯರು 1990ರಲ್ಲಿ ‘ತಾಕೋತ್ಸುಬೊ’ ಎಂಬ ಹೃದಯದ ತೊಂದರೆಯೊಂದನ್ನು ವಿವರಿಸಿದರು. ಹಠಾತ್ತಾಗಿ ದುಃಖವೋ ಭಯವೋ ಎರಗಿದಾಗ ಎಡ ಹೃತ್ಕುಕ್ಷಿಯ ಸ್ನಾಯು ಬಲಗುಂದಿ ಉಬ್ಬಿಕೊಳ್ಳುತ್ತದೆ. ಆಗ ಅದರ ಆಕಾರ ಆ ನಾಡಿನ ಬೆಸ್ತರು ಆಕ್ಟೋಪಸ್ ಹಿಡಿಯಲು ಬಳಸುವ ಮಡಕೆಯಂತೆ ಕಾಣುವುದರಿಂದ ಈ ಹೆಸರು. ಲಕ್ಷಣಗಳೆಲ್ಲ ಹೃದಯಾಘಾತದವೇ; ಆದರೆ ಆ ಸ್ಥಿತಿಗೆ ಕಾರಣವಾಗುವಂಥ ತಡೆ ರಕ್ತನಾಳದಲ್ಲಿ ಸಿಗುವುದಿಲ್ಲ. ಮುಟ್ಟು ನಿಂತ ಸ್ತ್ರೀಯರಲ್ಲಿ ಇದು ಹೆಚ್ಚು. ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ‘ಎದೆ ಒಡೆಯಿತು’ ಎಂಬ ನಮ್ಮವರ ಮಾತು ಬರಿಯ ಅಲಂಕಾರವಲ್ಲವೆಂದಾಯಿತು. (ಸಾವಿನ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಅದನ್ನು ದುಃಖದ ಲೆಕ್ಕಕ್ಕೆ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಎರಡರ ವ್ಯತ್ಯಾಸವನ್ನು ಮನೆಯಲ್ಲಿ ಕುಳಿತು ಅರಿಯಲಾಗದು.)

ಬರವಣಿಗೆಗೂ ಆರೋಗ್ಯಕ್ಕೂ ಇರುವ ನಂಟನ್ನು ಮೊದಲಿಗೆ ಕ್ರಮಬದ್ಧವಾಗಿ ಪರೀಕ್ಷಿಸಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್‌ಬೇಕರ್ ಮುಖ್ಯರು. ಅವರೂ ಸಾಂಡ್ರಾ ಬೀಲ್ ಅವರೂ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಬದುಕಿನ ಅತ್ಯಂತ ನೋವಿನ ಪ್ರಸಂಗವನ್ನು ಕುರಿತು ದಿನಕ್ಕೆ 15 ನಿಮಿಷದಂತೆ 4 ದಿನ ಬರೆದರು. ಬರೆದ ಕೂಡಲೇ ಅವರ ಮನಸ್ಸು ಕುಗ್ಗಿತ್ತು, ರಕ್ತದೊತ್ತಡವೂ ಏರಿತ್ತು. ಆದರೆ ನಡೆದದ್ದನ್ನೂ ಅದರ ಭಾವವನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು, ಕ್ಷುಲ್ಲಕ ವಿಷಯ ಬರೆದವರಿಗಿಂತ ಕಡಿಮೆ. ಈ ಫಲಿತಾಂಶವನ್ನು ಅನೇಕರು ಸರ್ವರೋಗಕ್ಕೂ ಮದ್ದೆಂಬಂತೆ ಸಾರಿದರು. ನಾನು ಅಷ್ಟು ದೂರ ಹೋಗಲಾರೆ. ಶೋಕತಪ್ತರನ್ನೇ ಕುರಿತು ಮಾರ್ಗರೆಟ್ ಸ್ಟ್ರೋಬೆ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾವನೆಗಳನ್ನು ಹೊರಹಾಕಿದ ಮಾತ್ರಕ್ಕೆ ಚೇತರಿಕೆ ಬೇಗನೆ ಆದದ್ದು ಕಾಣಲಿಲ್ಲ. ಅಂದಮೇಲೆ, ಬರೆದರೆ ದುಃಖ ಬೇಗ ತೀರುತ್ತದೆಂದು ಯಾರಿಗೂ ಭರವಸೆ ಕೊಡುವಂತಿಲ್ಲ.

ಹಾಗಿದ್ದೂ ಬರೆಯಿರಿ ಎನ್ನಲು ನನ್ನ ಕಾರಣ ಬೇರೆ. ತೀರಿಕೊಂಡವರು ವರ್ಷ ತುಂಬುವುದರೊಳಗೆ ಗೋಡೆಯ ಮೇಲಿನ ಹಾರ ಹಾಕಿದ ಭಾವಚಿತ್ರವಾಗಿಬಿಡುತ್ತಾರೆ. ಸಂಸ್ಮರಣ ಸಂಚಿಕೆಗಳಲ್ಲಿ ಎಲ್ಲರೂ ಸರಳ ಸಜ್ಜನರು, ಎಲ್ಲರೂ ದಾನಶೀಲರು. ಚಹಾ ಆರಿದ್ದಕ್ಕೆ ಸಿಡುಕಿ, ಅರ್ಧ ಗಂಟೆಯ ಮೇಲೆ ತಾನೇ ಬಂದು ಮಾತಾಡಿಸುತ್ತಿದ್ದ ಆ ಮನುಷ್ಯ ಅಲ್ಲೆಲ್ಲೂ ಇರುವುದಿಲ್ಲ. ಉಳಿದವರು ಹಂಬಲಿಸುವುದು ಆ ಸಿಡುಕಿನ ಮನುಷ್ಯನಿಗಾಗಿ. ಆತನನ್ನು ಬಲ್ಲವರು ಬರೆಯದಿದ್ದರೆ ಬೇರಾರೂ ಬರೆಯಲಾರರು.

ಇದಕ್ಕೆ ಧೈರ್ಯ ಬೇಕೆನ್ನುವುದೇಕೆ? ಕನ್ನಡದಲ್ಲಿ ‘ಅವರಿಗೆ ಬೆಲ್ಲದ ಚಹಾ ಇಷ್ಟ’ ಎಂದರೆ ವಾಕ್ಯ ಪೂರ್ಣ. ಕ್ರಿಯಾಪದವಿಲ್ಲ, ಕಾಲವೂ ಇಲ್ಲ. ಅದನ್ನೇ ಬರೆಯಲು ಕುಳಿತಾಗ ‘ಇಷ್ಟವಾಗಿತ್ತು’ ಎನ್ನಬೇಕಾಗುತ್ತದೆ. ಆ ‘ಆಗಿತ್ತು’ ಎಂಬ ಮೂರಕ್ಷರದ ಬಳಿ ಕೈ ನಿಂತುಬಿಡುತ್ತದೆ. ಬರೆದರೆ ಸಾವಿಗೆ ತಾನೇ ಒಪ್ಪಿಗೆಯ ಸಹಿ ಹಾಕಿದಂತೆ. ಇಂಥವರಿಗೆ ನನ್ನ ಸಲಹೆಯಿಷ್ಟೆ: ಭೂತಕಾಲ ಬಾರದಿದ್ದರೆ ಬಿಡಿ, ‘ಇಷ್ಟ’ ಎಂದೇ ಬರೆಯಿರಿ. ‘ನೀನು’ ಎಂದೋ ‘ನೀವು’ ಎಂದೋ ಅವರಿಗೇ ಪತ್ರ ಬರೆದಂತೆ ಬರೆಯಿರಿ. ವ್ಯಾಕರಣ ತಾನಾಗಿ ಸರಿಹೋಗುವ ದಿನ ಬಂದೀತು, ಬಾರದೆಯೂ ಇದ್ದೀತು.

ಇನ್ನೊಂದು ಭಯ ಅಪರಾಧ ಭಾವದ್ದು. ‘ಹಿಂದಿನ ದಿನವೇ ಆಸ್ಪತ್ರೆಗೆ ಒಯ್ದಿದ್ದರೆ’ ಎಂಬ ವಾಕ್ಯವು ಎಷ್ಟು ಮನೆಗಳಲ್ಲಿ, ಎಷ್ಟು ಜನರ ತಲೆಯಲ್ಲಿ ರಾತ್ರಿಯೆಲ್ಲ ತಿರುಗುತ್ತಿರುತ್ತದೆಯೋ! ಅದನ್ನು ಪೂರ್ತಿಯಾಗಿ, ಆ ದಿನದ ಗಂಟೆ ಗಳಿಗೆಗಳೊಡನೆ ಬರೆದು ನೋಡಿದಾಗ, ಆಗ ತಮಗೆ ತಿಳಿದಿದ್ದುದೆಷ್ಟು, ಈಗ ತಿಳಿದಿರುವುದೆಷ್ಟು ಎಂಬುದು ಬೇರೆಬೇರೆಯಾಗಿ ಕಾಣಬಹುದು.

ಮೂರನೆಯದು ಜನರ ಬಾಯಿ. ವಿಶೇಷವಾಗಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಪುಸ್ತಕ ಹಿಡಿದು ಕುಳಿತರೆ, ‘ತಿಂಗಳಾಗಿಲ್ಲ, ಆಗಲೇ ಓದುಬರಹ!’ ಎನ್ನುವವರಿದ್ದಾರೆ. ಲಿಂಗದಲ್ಲಿ ಬೆರೆತವರಿಗಾಗಿ ಅಳುವುದು ಸಲ್ಲದೆಂದು ಹಿರಿಯರು ಹೇಳುವುದೂ ಉಂಟು. ಆ ಮಾತಿನ ತತ್ತ್ವ ದೊಡ್ಡದು. ಆದರೆ ಮೂರು ದಿನದ ಹಿಂದೆ ಮಗನನ್ನು ಮಣ್ಣು ಮಾಡಿ ಬಂದ ತಾಯಿಯ ಬಾಯಿ ಮುಚ್ಚಿಸಲು ಅದನ್ನು ಬಳಸುವುದನ್ನು ನಾನು ಒಪ್ಪಲಾರೆ. ನಮ್ಮ ಅಜ್ಜಿಯಂದಿರು ಸುಮ್ಮನಿರಲಿಲ್ಲ. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕುಳಿತು ತವರಿನ ಅಗಲಿಕೆಯನ್ನೂ ಕಳೆದ ಕೂಸಿನ ಸಂಕಟವನ್ನೂ ಹಾಡಾಗಿ ಹರಿಸಿದರು. ಹಲಸಂಗಿಯ ಗೆಳೆಯರು ಸಂಗ್ರಹಿಸಿಕೊಟ್ಟ ‘ಗರತಿಯ ಹಾಡು’ ಅದಕ್ಕೆ ಸಾಕ್ಷಿ. ಹಿಟ್ಟಿನ ಗಿರಣಿ ಬಂದು ರಟ್ಟೆಯ ನೋವು ಹೋಯಿತು, ಒಳ್ಳೆಯದೇ ಆಯಿತು; ಜೊತೆಗೆ, ಯಾರೂ ಕೇಳದ ಹೊತ್ತಿನಲ್ಲಿ ಕಲ್ಲಿನೊಡನೆ ಮಾತಾಡುವ ಆ ಅವಕಾಶವೂ ಹೋಯಿತು. ಇಂದು ಒಂದು ನೋಟುಪುಸ್ತಕ ಆ ಕಲ್ಲಿನ ಜಾಗದಲ್ಲಿ ಇರಬಲ್ಲದು.

ಎಷ್ಟು ದಿನದೊಳಗೆ ಬರೆಯಬೇಕೆಂಬ ನಿಯಮವಿಲ್ಲ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕೂಸಿನ ಸಾವಿನ ಎದುರಿನಲ್ಲೇ ಹುಟ್ಟಿದ ಕವಿತೆ. ಎಸ್.ಎಲ್. ಭೈರಪ್ಪನವರು ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡದ್ದು ಬಾಲ್ಯದಲ್ಲಿ. ಆ ಬದುಕಿನ ನೆರಳಿರುವ ‘ಗೃಹಭಂಗ’ ಪ್ರಕಟವಾದದ್ದು 1970ರಲ್ಲಿ. ಇಂಗ್ಲೆಂಡಿನ ಲೇಖಕ ಸಿ.ಎಸ್. ಲೂಯಿಸ್ 1960ರಲ್ಲಿ ಪತ್ನಿ ತೀರಿಕೊಂಡ ಬಳಿಕ ಮನೆಯಲ್ಲಿ ಸಿಕ್ಕ ಖಾಲಿ ನೋಟುಪುಸ್ತಕಗಳಲ್ಲಿ ತನ್ನ ಶೋಕವನ್ನೂ ದೇವರ ಮೇಲಿನ ಸಿಟ್ಟನ್ನೂ ಬರೆದಿಟ್ಟರು. ಮರುವರ್ಷ ಅದು ಪುಸ್ತಕವಾದಾಗ ಮುಖಪುಟದ ಮೇಲೆ ಎನ್.ಡಬ್ಲ್ಯೂ. ಕ್ಲರ್ಕ್ ಎಂಬ ಕಲ್ಪಿತ ಹೆಸರಿತ್ತು. ಅಷ್ಟು ಪ್ರಖ್ಯಾತ ಲೇಖಕರಿಗೂ ಸ್ವಂತ ಹೆಸರಿನಲ್ಲಿ ಅಳುವುದು ಸುಲಭವಾಗಿರಲಿಲ್ಲವೆಂದರೆ, ಉಳಿದವರು ತಮ್ಮ ಅಳುಕಿಗೆ ನಾಚಬೇಕಾದುದಿಲ್ಲ.

ಬರೆಯಲು ತೊಡಗುವವರು ಹಗಲಿನ ಹೊತ್ತನ್ನು ಆರಿಸಿಕೊಳ್ಳುವುದು ಲೇಸು. ಮಲಗುವ ಮುನ್ನ ಬರೆದರೆ ಇದ್ದ ನಿದ್ರೆಯೂ ಹೋದೀತು. ಹದಿನೈದು ನಿಮಿಷ ಸಾಕು. ‘ನನ್ನ ತಂದೆ ಮಹಾನುಭಾವರು’ ಎಂದು ಆರಂಭಿಸಿದರೆ ಎರಡನೆಯ ವಾಕ್ಯಕ್ಕೇ ಶಾಯಿ ಆರುತ್ತದೆ. ಅವರ ಕನ್ನಡಕದ ಗೂಡಿನಿಂದ, ಕಿರಾಣಿ ಚೀಟಿಯ ಮೇಲಿನ ಅಕ್ಷರದಿಂದ, ಪಡಸಾಲೆಯಲ್ಲಿ ಅವರು ಒರಗುತ್ತಿದ್ದ ಕಂಬದಿಂದ ಆರಂಭಿಸಿರಿ. ಜಗಳಗಳನ್ನೂ ಬರೆಯಿರಿ. ಅಕ್ಷರ ಬಾರದ ಹಿರಿಯರಿದ್ದರೆ ಮೊಮ್ಮಕ್ಕಳು ಕೇಳಿ ಬರೆದುಕೊಳ್ಳಲಿ, ತಿದ್ದದೆ.

ಬರೆಯುವುದನ್ನು ನಿಲ್ಲಿಸಬೇಕಾದ ಸಂದರ್ಭವೂ ಇದೆ. ವಾರಗಟ್ಟಲೆ ಅದೇ ಒಂದು ವಾಕ್ಯ ಸುತ್ತುತ್ತಿದ್ದರೆ, ಬರೆದ ದಿನಗಳಲ್ಲಿ ದೇಹಸ್ಥಿತಿ ಇನ್ನಷ್ಟು ಹದಗೆಡುತ್ತಿದ್ದರೆ, ‘ನಾನೇಕೆ ಉಳಿಯಬೇಕು’ ಎಂಬ ವಿಚಾರ ಬಂದರೆ ಪುಸ್ತಕ ಮುಚ್ಚಿ ವೈದ್ಯರನ್ನು ಕಾಣಬೇಕು. ಆರು ತಿಂಗಳು ಮೀರಿಯೂ, ಸಮಾಜದ ರೂಢಿಗಿಂತ ಹೆಚ್ಚಾಗಿ, ನಿತ್ಯದ ಬದುಕೇ ನಿಂತುಹೋಗುವಷ್ಟು ತೀವ್ರವಾಗಿ ಉಳಿಯುವ ಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆಯು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

ಮನೆಯ ಉಳಿದವರಿಗೂ ಒಂದು ಮಾತು. ಬರೆಯುತ್ತ ಕುಳಿತವರನ್ನು ಕಂಡು ‘ಅದನ್ನೆಲ್ಲ ಯಾಕೆ ಕೆದಕುತ್ತೀ, ಮರೆತುಬಿಡು’ ಎನ್ನಬೇಡಿ. ಆ ಹದಿನೈದು ನಿಮಿಷ ಅವರನ್ನು ಅಡುಗೆಮನೆಗೆ ಕರೆಯಬೇಡಿ. ಬರೆದದ್ದು ಪೆಟ್ಟಿಗೆಯಲ್ಲಿರಲಿ, ತಲೆದಿಂಬಿನಡಿಯಲ್ಲಿರಲಿ, ಅವರಾಗಿ ಕೊಡುವವರೆಗೆ ಅದನ್ನು ತೆರೆದು ಓದಬೇಡಿ. ಓದಲು ಕೊಟ್ಟರೆ, ಅದರಲ್ಲಿ ನಿಮ್ಮ ಮೇಲಿನ ಸಿಟ್ಟೂ ಇದ್ದೀತು; ಅಂದೇ ಉತ್ತರ ಕೊಡಲು ಹೋಗಬೇಡಿ.