ಅಪ್ಪ ಬೇಕೋ, ಅಮ್ಮ ಬೇಕೋ?

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. (ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು, ಊರು ಬೇಡ.) ಗಂಡ ಹೆಂಡಿರು ಬೇರೆಯಾಗಲು ನಿಶ್ಚಯಿಸಿದ್ದಾರೆ. ಒಂಬತ್ತು ವರ್ಷದ ಮಗಳಿದ್ದಾಳೆ. "ಸಾರ್, ಮಗಳು ನನಗೇ ಸಿಗುತ್ತಾಳೆಯೇ?" ಎಂದ. ಸೈಟು ಸಿಗುತ್ತದೆಯೇ ಎಂದು ಕೇಳಿದ ಹಾಗಿತ್ತು. ಬೈಯಬೇಕೆನಿಸಿತು, ಆದರೆ ಬೈಯುವ ಅಧಿಕಾರ ನನಗಿರಲಿಲ್ಲ.

ನಾನು ವಕೀಲನಲ್ಲ. ಓದಿ ತಿಳಿದಷ್ಟನ್ನು ಹೇಳಿದೆ. ಹಿಂದೂ ವಿವಾಹ ಕಾಯಿದೆಯ 13ಬಿ ಕಲಮಿನಂತೆ, ಒಂದು ವರ್ಷವಾದರೂ ಬೇರೆ ವಾಸವಾಗಿರುವ ದಂಪತಿಗಳು ಪರಸ್ಪರ ಒಪ್ಪಿಗೆಯಿಂದ ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಬಳಿಕ ಆರು ತಿಂಗಳು ಕಾಯಬೇಕು. ರಾಜಿಯ ಆಸೆಯೇ ಉಳಿಯದೆ, ಜೀವನಾಂಶ, ಮಕ್ಕಳ ವಿಚಾರಗಳೆಲ್ಲ ಇತ್ಯರ್ಥವಾಗಿದ್ದರೆ ಆ ಅವಧಿಯನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಇನ್ನು ಮಗುವಿನ ಸುಪರ್ದಿ. (ಪೊಲೀಸರು ವಶಪಡಿಸಿಕೊಂಡ ವಸ್ತುವಿಗೂ ಇದೇ ಮಾತು!) ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು 1956ರ ಕಾಯಿದೆ ಹೇಳುತ್ತದೆ. ಆದರೆ ಅದೇ ಕಾಯಿದೆಯ ಪ್ರಕಾರ ಎಲ್ಲಕ್ಕಿಂತ ಮಿಗಿಲಾದುದು ಮಗುವಿನ ಹಿತ, ತಂದೆ ತಾಯಿಯರ ಹಕ್ಕಲ್ಲ. ಒಬ್ಬರ ಬಳಿ ವಾಸ, ಮತ್ತೊಬ್ಬರಿಗೆ ಭೇಟಿಯ ದಿನಗಳು ಎಂದು ನ್ಯಾಯಾಲಯ ಗೊತ್ತುಮಾಡಬಹುದು. ಪರಿಸ್ಥಿತಿ ಬದಲಾದರೆ ಆ ಆದೇಶವನ್ನೂ ಬದಲಿಸಬಹುದು. ಹಾಗಿರುವಾಗ ಗೆಲುವೆಲ್ಲಿ, ಸೋಲೆಲ್ಲಿ?

ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದು. 1890ರಷ್ಟು ಹಳೆಯ ಕಾಯಿದೆಯಲ್ಲೇ ಅದಕ್ಕೆ ಅವಕಾಶವಿದೆ. ಅನೇಕ ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆಸಿ ಪ್ರತ್ಯೇಕವಾಗಿ ಮಾತನಾಡಿಸುತ್ತಾರೆ. ನಾವೋ, ಮದುವೆ ಮನೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹತ್ತು ಜನರೆದುರು "ಅಪ್ಪ ಬೇಕೋ, ಅಮ್ಮ ಬೇಕೋ?" ಎನ್ನುತ್ತೇವೆ. ನಮ್ಮ ಬಂಧುವರ್ಗದಲ್ಲೇ ಕಂಡಿದ್ದೇನೆ. ಅಜ್ಜಿಯರು ಉತ್ತರವನ್ನೂ ಬಾಯಿಪಾಠ ಮಾಡಿಸುತ್ತಾರೆ. ಮಗ್ಗಿ ಕಲಿಸಿದಂತೆ.

ಈಗ ನನ್ನ ವಿಚಾರ. ಬಹಳ ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗನೊಬ್ಬನ ತಂದೆ ನನ್ನಿಂದ ಒಂದು ಪತ್ರ ಬರೆಸಿಕೊಂಡರು: ತಂದೆಯ ಮನೆಗೆ ಬಂದ ಮೇಲೆ ಹುಡುಗನ ಅಂಕಗಳು ಹೆಚ್ಚಿವೆ ಎಂದು. ಹೆಚ್ಚಿದ್ದವು. ಆದರೆ ಹುಡುಗ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿದ್ದ. ಅದನ್ನು ನಾನು ಬರೆಯಲಿಲ್ಲ, ಅವರು ಕೇಳಿರಲಿಲ್ಲ. ಪತ್ರ ನ್ಯಾಯಾಲಯದ ಕಡತ ಸೇರಿತು. ದೊಡ್ಡವನಾದ ಮೇಲೆ ಅವನು ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. ನನ್ನ ಚೀಲವನ್ನು ಬಸ್ಸಿಗೆ ಏರಿಸಿಕೊಟ್ಟು, "ನಿಮ್ಮ ಕಾಗದ ಓದಿದ್ದೇನೆ ಸಾರ್. ಅಕ್ಷರ ನೋಡಿದೊಡನೆ ಗುರುತು ಸಿಕ್ಕಿತು" ಎಂದ. ಬೇರೇನನ್ನೂ ಹೇಳಲಿಲ್ಲ. ಅವನ ಅಕ್ಷರವನ್ನು ತಿದ್ದಿದವನೂ ನಾನೇ.

ಕಳೆದ ವಾರ ಬಂದವನು ಹೊರಡುವಾಗ, "ನಿಮ್ಮ ಮಾತೆಂದರೆ ಮಗಳಿಗೆ ಗೌರವ. ಯಾರ ಬಳಿ ಇರುತ್ತೀಯೆಂದು ನೀವೇ ಒಮ್ಮೆ ಕೇಳಿ ಸಾರ್" ಎಂದ. ಕೇಳುವುದಿಲ್ಲವೆಂದೆ. ಬೇಕಾದರೆ ಇಬ್ಬರೂ ಕೂಡಿ ಅವಳನ್ನು ಕರೆತನ್ನಿ, ನಮ್ಮ ಮನೆಯಲ್ಲಿ ಊಟ ಮಾಡಿಕೊಂಡು ಹೋಗಿ ಎಂದೆ. ಅವನು ಉತ್ತರಿಸದೆ ಚಪ್ಪಲಿ ಮೆಟ್ಟಿಕೊಂಡ.

ಭಾನುವಾರ ಫೋನು ಬಂತು. ಮೂವರೂ ಬರುತ್ತಾರಂತೆ.