ಈ ಹಳೇ ಕಂಪ್ಯೂಟರ್ ಮರಳಿದ್ದು ಒಳ್ಳೆಯದೇ

‘ಪರದೆಯ ಬಣ್ಣ ಬದಲಾಗುವಾಗ ಕಂಪ್ಯೂಟರಿನೊಳಗೆ ಏನಾಗುತ್ತದೆ?’ ಇಂಟರ್‌ವ್ಯೂನಲ್ಲಿ ಕೇಳಿದರು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನಾನು ತಡವರಿಸಿದೆ. ಕೆಲಸ ಸಿಗಲಿಲ್ಲ.

ಉತ್ತರ ಸಿಕ್ಕಿದ್ದು ಕಮೊಡೋರ್ 64ರಲ್ಲಿ. 1982ರಲ್ಲಿ ಅಮೆರಿಕದಲ್ಲಿ ಬಂದ ಈ ಮನೆ ಕಂಪ್ಯೂಟರಿಗೆ ಇದ್ದದ್ದು ಬರೀ 64 ಕೆಬಿ ಮೆಮೊರಿ. ಕಂಪನಿ 1994ರಲ್ಲಿ ದಿವಾಳಿಯಾಯಿತು. ಆಮೇಲೆ ಹೆಸರು ಕೈಯಿಂದ ಕೈಗೆ ದಾಟಿ ಒಮ್ಮೆ ಸ್ಮಾರ್ಟ್‌ಫೋನಿನ ಮೇಲೂ ಕೂತಿತ್ತು. ಅಂಥದ್ದು ಬರೀ ಹೆಸರಿನ ವ್ಯಾಪಾರ.

2025ರಲ್ಲಿ ಅಭಿಮಾನಿಗಳ ತಂಡವೊಂದು ಹೊರತಂದ ‘ಕಮೊಡೋರ್ 64 ಅಲ್ಟಿಮೇಟ್’ ಹಾಗಲ್ಲ. ಒಳಗಿರುವ ಎಫ್‌ಪಿಜಿಎ ಚಿಪ್‌ನ ಸರ್ಕ್ಯೂಟನ್ನೇ ಹಳೆಯ ಚಿಪ್‌ಗಳಂತೆ ಜೋಡಿಸಿದ್ದಾರೆ. ಎಚ್‌ಡಿಎಂಐ, ವೈಫೈ ಹೊಸತು. ಆದರೂ ಬೇಸಿಕ್‌ನ ಆ ನೀಲಿ ಪರದೆ ಹಾಗೇ ಇದೆ, ನೀವು ಟೈಪ್ ಮಾಡುವುದನ್ನೇ ಕಾಯುತ್ತದೆ.

2025ರಲ್ಲಿ ಬೆಲೆ 299 ಡಾಲರಿನಿಂದ ಶುರುವಾಗಿತ್ತು. ಕೆಲಸ ಹುಡುಕುವವರ ಜೇಬಿಗೆ ದೂರದ ಮಾತು! ನಾನು ‘ವೈಸ್’ ಎಂಬ ಉಚಿತ ಎಮ್ಯುಲೇಟರನ್ನು ಹಳೇ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ‘ಪೋಕ್ 53280,2’ ಅಂತ ಟೈಪಿಸಿ ಎಂಟರ್ ಒತ್ತಿದೆ. ಪರದೆಯ ಅಂಚು ಕೆಂಪಾಯಿತು. 53280 ಅನ್ನುವುದು ಒಂದು ವಿಳಾಸ. ಅಲ್ಲಿಟ್ಟ ಅಂಕಿಯನ್ನು ವಿಡಿಯೊ ಚಿಪ್ ಬಣ್ಣವೆಂದು ಓದುತ್ತದೆ. ಅಷ್ಟೇ. ಇದನ್ನು ನನಗೆ ಯಾವ ನೋಟ್ಸೂ ಹೀಗೆ ಹೇಳಿರಲಿಲ್ಲ.

ಎಮ್ಯುಲೇಟರ್ ಇದ್ದಮೇಲೆ ಯಂತ್ರವೇಕೆ ಅಂತೀರಾ? ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷಕ್ಕೊಂದು ನೋಟಿಫಿಕೇಶನ್ ಕರೆಯುತ್ತದೆ. ಕಾಲೇಜು ಲ್ಯಾಬಿಗೆ ಇಂಥದ್ದೊಂದು ತರಿಸಿದರೆ ಇಡೀ ತರಗತಿ ಸುತ್ತ ನಿಂತು ಪೋಕ್ ಮಾಡಬಹುದು.

ಮುಂದಿನ ವಾರ ಇನ್ನೊಂದು ಇಂಟರ್‌ವ್ಯೂ ಇದೆ. ಅದೇ ಪ್ರಶ್ನೆ ಕೇಳಲಿ ಅಂತ ಕಾಯ್ತಿದ್ದೀನಿ.